ಫೋನ್ ಇರೋವಾಗ ಧ್ಯಾನಕ್ಕೆ ಬೇರೆ ಟೈಮರ್ ಯಾಕೆ?

ಹೋದ ಸಂಚಿಕೇಲಿ ಧ್ಯಾನಕ್ಕೆ ಕೂರೋ ಬಗ್ಗೆ ಬರೀವಾಗ ಕೊನೇಲಿ "ಫೋನ್ ದೂರ ಇಟ್ಟು ಒಂದು ಬೇರೆ ಟೈಮರ್ ಇಟ್ಕೊಳ್ಳಿ" ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಆ ಸಾಲಿನ ಮೇಲೇನೇ ಇವೆ. ಉಸಿರು, ಬೆನ್ನು, ಮನಸ್ಸು ಅಂತ ನಾನು ಎರಡು ಪುಟ ಬರೆದಿದ್ದು ಯಾರಿಗೂ ಬೇಕಾಗಿಲ್ಲ ಅಂತಾಯ್ತು. ಇರ್ಲಿ, ಈ ಸಲ ಪೂರ್ತಿ ಟೈಮರ್ ಪುರಾಣ.

ಪ್ರಶ್ನೆ: ಮೇಡಂ, ಫೋನಲ್ಲೇ ಟೈಮರ್ ಇದೆ. ಏರ್‌ಪ್ಲೇನ್ ಮೋಡ್‌ಗೆ ಹಾಕಿದ್ರೆ ಕಾಲ್, ಮೆಸೇಜ್ ಏನೂ ಬರಲ್ಲ. ಅಂದ್ಮೇಲೆ ಇನ್ನೊಂದು ಡಬ್ಬಿ ಯಾಕೆ ತರ್ಬೇಕು? ಧ್ಯಾನ ಮಾಡೋರು ಸಾಮಾನು ಕಮ್ಮಿ ಮಾಡ್ಕೋಬೇಕಲ್ವಾ?

ಉತ್ತರ: ಕೊನೇ ಮಾತಿಗೆ ನನ್ನ ಹತ್ರ ಜವಾಬಿಲ್ಲ, ಸರಿಯಾಗಿ ಹಿಡಿದ್ರಿ. ಆದ್ರೂ ಹೇಳ್ತೀನಿ ಕೇಳಿ. ಏರ್‌ಪ್ಲೇನ್ ಮೋಡು ನೀವು ಕಣ್ಣು ಮುಚ್ಚಿರೋ 20 ನಿಮಿಷ ಕಾವಲು ಕಾಯುತ್ತೆ, ತೊಂದರೆ ಇರೋದು ಅದರ ಹಿಂದೆ ಮುಂದೆ. ಟೈಮರ್ ಹಾಕೋಕೆ ಅಂತ ಫೋನ್ ತಗೋತೀರ, ಲಾಕ್ ತೆಗೀತೀರ, ಅಲ್ಲೊಂದು ಕೆಂಪು ಚುಕ್ಕೆ ಕಾಣ್ಸುತ್ತೆ, ಇದೊಂದು ನೋಡ್ಬಿಡೋಣ ಅಂತ ಬೆರಳು ಅಲ್ಲಿಗೇ ಹೋಗುತ್ತೆ. ನಾನು ಮೂರು ವರ್ಷ ಫೋನಿಟ್ಕೊಂಡೇ ಕೂತವಳು. ಒಂದಿನ ಹಿಂಗೇ ಟೈಮರ್ ಹಾಕೋಕೆ ಹೋಗಿ ಯಾರದ್ದೋ ಮೆಸೇಜ್ ಓದಿದೆ, ಉತ್ತರ ಆಮೇಲೆ ಕೊಟ್ರಾಯ್ತು ಅಂತ ಕೂತೆ, ಪೂರ್ತಿ 20 ನಿಮಿಷ ತಲೇಲಿ ಆ ಉತ್ತರಾನೇ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಕೊನೆಗೆ ಗಂಟೆ ಹೊಡೆದಾಗ ಉತ್ತರ ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ ಎದ್ದವಳೇ ಟೈಪ್ ಮಾಡಿ ಕಳಿಸ್ದೆ. ಅದನ್ನ ಧ್ಯಾನ ಅಂತ ಕರೀಬೇಕೋ ಬೇಡ್ವೋ ನೀವೇ ಹೇಳಿ.

ಮುಗಿದ ಮೇಲಿನ ಹೊತ್ತು ಇನ್ನೂ ನಾಜೂಕು. ಮನಸ್ಸು ಸ್ವಲ್ಪ ತಿಳಿಯಾಗಿರುತ್ತೆ, ಅಲಾರಂ ನಿಲ್ಸೋಕೆ ಅಂತ ಕೈಗೆ ಫೋನ್ ಬರುತ್ತೆ, ಏರ್‌ಪ್ಲೇನ್ ಮೋಡ್ ತೆಗೆದ ತಕ್ಷಣ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಸುರಿಯುತ್ತೆ. ಬೇರೆ ಟೈಮರ್‌ಗೆ ಇರೋ ದೊಡ್ಡ ಗುಣ ಅಂದ್ರೆ ಅದಕ್ಕೆ ಬೇರೇನೂ ಬರಲ್ಲ. ದಡ್ಡ ಡಬ್ಬಿ. ಒಂದು ಬಟನ್ ಒತ್ತಿ ಇಟ್ರೆ ಮುಗೀತು.

ಅದಕ್ಕಂತ ಧ್ಯಾನದ ಟೈಮರ್ ಅಂತ ಬೋರ್ಡ್ ಹಾಕ್ಕೊಂಡು ಬರೋ ಚಂದದ ಮರದ ಪೆಟ್ಟಿಗೇನೇ ಬೇಕು ಅಂತ ಇಲ್ಲ. ಅಡುಗೆಮನೆ ಟೈಮರ್ ಸಾಕು. ತಿರುಗಿಸೋ ಸ್ಪ್ರಿಂಗ್ ಟೈಮರ್ ಆದ್ರೆ ಬ್ಯಾಟರಿ ಬೇಡ ನಿಜ, ಆದ್ರೆ ಕೂತಷ್ಟು ಹೊತ್ತೂ ಟಿಕ್ ಟಿಕ್ ಅನ್ನುತ್ತೆ, ಕೆಲವರಿಗೆ ಅದು ಜೋಗುಳ, ನನಗೆ ತಲೆ ಮೇಲೆ ಸುತ್ತಿಗೆ. ಅದ್ರಲ್ಲಿ 10 ನಿಮಿಷಕ್ಕಿಂತ ಕಮ್ಮಿ ಇಡೋದಾದ್ರೆ ಮೊದ್ಲು ಮುಳ್ಳನ್ನ 10 ದಾಟಿಸಿ ಆಮೇಲೆ ಬೇಕಾದ ಅಂಕಿಗೆ ವಾಪಸ್ ತನ್ನಿ, ಇಲ್ಲಾಂದ್ರೆ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗದೆ ಗಂಟೆ ಹೊಡೆಯೋದು ಅನುಮಾನ. ಡಿಜಿಟಲ್ ಆದ್ರೆ ಎರಡು ವಿಷಯ ನೋಡಿ: ಶಬ್ದ ಕಮ್ಮಿ ಮಾಡೋ ಅಥವಾ ಪೂರ್ತಿ ಮ್ಯೂಟ್ ಮಾಡಿ ಲೈಟೋ ವೈಬ್ರೇಶನ್ನೋ ಇಟ್ಕೊಳ್ಳೋ ಅನುಕೂಲ, ಮತ್ತೆ ಹಿಂದಿನ ಸಲ ಇಟ್ಟ ನಿಮಿಷ ಅದಕ್ಕೆ ನೆನಪಿರೋದು. ಚೌಕಾಕಾರದ ಟೈಮರ್‌ಗಳೂ ಸಿಗ್ತವೆ, ಒಂದೊಂದು ಮುಖದ ಮೇಲೆ 5, 15, 30 ಅಂತ ಅಂಕಿ ಇರುತ್ತೆ, ಬೇಕಾದ ಮುಖ ಮೇಲೆ ಮಾಡಿಟ್ರೆ ತಾನೇ ಶುರುವಾಗುತ್ತೆ. ಮರಳಿನ ಗಡಿಯಾರ ನೋಡೋಕೆ ಚೆಂದ, ಸದ್ದೂ ಇಲ್ಲ. ಮುಗಿದಾಗ್ಲೂ ಸದ್ದಿಲ್ಲ ಅನ್ನೋದೇ ಕಷ್ಟ, ಅರ್ಧ ಕಣ್ಣು ತೆರೆದು ಕೂರೋ ಅಭ್ಯಾಸ ಇದ್ದೋರಿಗೆ ಮಾತ್ರ ಒಗ್ಗುತ್ತೆ.

ಪ್ರಶ್ನೆ: ಟೈಮರ್ ಹೊಡೆದಾಗೆಲ್ಲ ಎದೆ ಧಸಕ್ ಅನ್ನುತ್ತೆ. ಕೂತಾಗ ಸಿಕ್ಕ ಸಮಾಧಾನ ಎಲ್ಲ ಆ ಒಂದು ಕ್ಷಣಕ್ಕೆ ಹೋಯ್ತು ಅನ್ಸುತ್ತೆ. ನನ್ನ ಧ್ಯಾನ ಸರಿ ಇಲ್ವಾ?

ಉತ್ತರ: ನಿಮ್ಮ ಧ್ಯಾನಕ್ಕೇನೂ ಆಗಿಲ್ಲ, ಟೈಮರ್‌ನ ದನಿ ಕೆಟ್ಟದು ಅಷ್ಟೆ. ಇದ್ದಕ್ಕಿದ್ದಂಗೆ ಜೋರು ಶಬ್ದ ಬಂದ್ರೆ ಬೆಚ್ಚಿಬೀಳೋದು ದೇಹದ ಹುಟ್ಟುಗುಣ, ನಾವು ಯೋಚಿಸೋ ಮುಂಚೆ, ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಕೂಡ ಆಗೋ ಮೊದ್ಲೇ ಕಣ್ಣು ಮಿಟುಕಿರುತ್ತೆ. ಶಬ್ದ ಎಷ್ಟು ಜೋರು ಅನ್ನೋದ್ರ ಜೊತೆ ಎಷ್ಟು ಹಠಾತ್ತಾಗಿ ಏರುತ್ತೆ ಅನ್ನೋದೂ ಮುಖ್ಯ, ಹಂಗಾಗಿ ಮೆಲ್ಲಗೆ ಶುರುವಾಗಿ ಏರೋ ದನಿ ಇದ್ರೆ ಒಳ್ಳೇದು. ಬಟ್ಟಲಿನಂಥ ಲೋಹದ ಗಂಟೆ ದನಿ ಧ್ಯಾನದ ಟೈಮರ್‌ಗಳಲ್ಲಿ ಯಾಕೆ ಜಾಸ್ತಿ ಅಂದ್ರೆ ಹೊಡೆದ ಮೇಲೆ ಅದು ತುಂಬ ಹೊತ್ತು ಎಳೆದು ಎಳೆದು ಕರಗುತ್ತೆ, ಆ ದನಿ ಪೂರ್ತಿ ಮುಗಿಯೋವರೆಗೂ ಕೇಳ್ತಾ ಕೂರಬಹುದು, ಏಳೋಕೆ ಅದೇ ಮೆಟ್ಟಿಲು.

ಇರೋ ಟೈಮರ್ರೇ ಕಿರುಚೋ ಜಾತಿದು ಅಂದ್ರೆ ಅದನ್ನ ದಪ್ಪ ಟವೆಲ್‌ನಲ್ಲಿ ಸುತ್ತಿ ಪಕ್ಕದ ರೂಮಲ್ಲಿಡಿ. ತಮಾಷೆ ಅಲ್ಲ, ನಾನು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ದೂರದಿಂದ ಬರೋ ಬೀಪ್ ಬೀಪ್‌ಗೆ ಆ ಅವಸರ ಇರಲ್ಲ. ಮನೇಲಿ ಮಗು ಮಲಗಿದ್ರೆ, ಕಿವಿ ಮಂದ ಇದ್ರೆ ಕೈಗೆ ಕಟ್ಟೋ ವೈಬ್ರೇಟ್ ಆಗೋ ಟೈಮರ್ ನೋಡಿ, ಆದ್ರೆ ಸ್ಮಾರ್ಟ್‌ವಾಚ್ ಆಗಿದ್ರೆ ಅದೂ ಸಣ್ಣ ಫೋನೇ, ನೋಟಿಫಿಕೇಶನ್ ಬಂದ್ ಮಾಡದೆ ಕೂತ್ರೆ ಮಣಿಕಟ್ಟಲ್ಲಿ ಇಡೀ ಊರು ನಡುಗುತ್ತಿರುತ್ತೆ.

ಪ್ರಶ್ನೆ: 30 ನಿಮಿಷ ಇಟ್ಟು ಕೂರ್ತೀನಿ, 12ನೇ ನಿಮಿಷಕ್ಕೆ ಒಂದ್ಸಲ, 17ಕ್ಕೆ ಒಂದ್ಸಲ ಕಣ್ಣು ಬಿಟ್ಟು ನೋಡ್ತೀನಿ. ಟೈಮರ್ ಇದ್ರೂ ಯಾಕೆ ಹಿಂಗೆ?

ಉತ್ತರ: ಎದುರಿಗೆ ಇಟ್ಕೊಂಡಿದ್ದೀರ ಅದಕ್ಕೆ. ಬೆನ್ನ ಹಿಂದೆ ಇಡಿ.

ಇದಿಷ್ಟೇ ಹೇಳಿ ಮುಗಿಸ್ಬಹುದಿತ್ತು, ಆದ್ರೆ ನಿಮ್ಮ ಪ್ರಶ್ನೇಲಿ ಟೈಮರ್‌ನ ಇಡೀ ಗುಟ್ಟು ಇದೆ. ಹೊತ್ತಿನ ಕಡೆ ಗಮನ ಕೊಟ್ಟಷ್ಟೂ ಹೊತ್ತು ಉದ್ದ ಆಗುತ್ತೆ, ಕಾಯ್ತಾ ಕೂತೋನಿಗೆ ಗಳಿಗೆಯೂ ಯುಗ ಅಂತ ಸುಮ್ನೆ ಅಂತಾರಾ. ಟೈಮರ್ ಇರೋದೇ ಆ ಕಾಯೋ ಕೆಲಸಾನ ನಿಮ್ಮ ತಲೆಯಿಂದ ಇಳಿಸಿ ತಾನು ಹೊತ್ಕೊಳ್ಳೋಕೆ. ಜಪಾನಿನ ಬೌದ್ಧರ ಜೆನ್ ಧ್ಯಾನಮಂದಿರಗಳಲ್ಲಿ ಈ ಕೆಲಸಕ್ಕೆ ಅಂತಲೇ ಒಬ್ಬರು ಇರ್ತಾರೆ, ಜೆನ್‌ನದೇ ಒಂದು ಕವಲಾದ ರಿಂಜೈ ಪಂಥದಲ್ಲಿ ಅವರನ್ನ ಜಿಕಿಜಿತ್ಸು ಅಂತಾರೆ, ಗಂಟೆ ಹೊಡೆಯೋದು ಅವರು, ಉಳಿದೋರು ಹೊತ್ತಿನ ಗೊಡವೆಗೆ ಹೋಗಲ್ಲ. ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ 10 ದಿನದ ವಿಪಶ್ಯನ (ಉಸಿರು, ಮೈಯಲ್ಲಾಗೋ ಅನುಭವ ಸುಮ್ನೆ ಗಮನಿಸೋ ಧ್ಯಾನ) ಶಿಬಿರದಲ್ಲೂ ಅಷ್ಟೇ, ಶುರುವಲ್ಲೇ ಫೋನ್ ಒಪ್ಪಿಸ್ಬೇಕು, ಬೆಳಗ್ಗೆ 4ಕ್ಕೆ ಏಳ್ಸೋ ಗಂಟೆಯಿಂದ ಹಿಡಿದು ಎಲ್ಲಾನೂ ಬೇರೆಯವರು ನೋಡ್ಕೋತಾರೆ. ಮನೇಲಿ ಒಬ್ಬರೇ ಕೂತಾಗ ಆ ಇನ್ನೊಬ್ಬರ ಜಾಗದಲ್ಲಿ ಈ ಡಬ್ಬಿ. ಅದನ್ನ ಪದೇ ಪದೇ ನೋಡೋದು ಅಂದ್ರೆ ಕಾವಲಿಗೆ ಜನ ಇಟ್ಟು ನಾವೇ ಬಾಗಿಲಲ್ಲಿ ನಿಂತಂಗೆ.

ಇನ್ನೊಂದು ಕಾರಣಾನೂ ಇರಬಹುದು, ಟೈಮರ್ ಮೇಲೆ ನಂಬಿಕೆ ಇಲ್ಲದಿರೋದು. ಸ್ಟಾರ್ಟ್ ಒತ್ತಿದ್ನಾ? ಒಂದ್ಸಲ ನಾನು ಒತ್ತೇ ಇರ್ಲಿಲ್ಲ, ಕಾಲು ಜೋಮು ಹಿಡಿದು ಮರಗಟ್ಟಿದ್ರೂ ಇವತ್ತು ಎಂಥಾ ಏಕಾಗ್ರತೆ ಅಂತ ಹಿಗ್ಗಿ ಕೂತಿದ್ದೆ, ಕಣ್ಣು ಬಿಟ್ಟು ನೋಡಿದ್ರೆ ಡಬ್ಬಿ 20:00 ಅಂತ ಸುಮ್ನೆ ನಿಂತಿತ್ತು! ಶುರುವಲ್ಲೂ ಒಂದ್ಸಲ ಸದ್ದು ಮಾಡೋ ಟೈಮರ್ ಆದ್ರೆ ಈ ಅನುಮಾನ ಇರಲ್ಲ. ಬ್ಯಾಟರಿ ಸಾಯೋ ಮುಂಚೆ ಬದಲಾಯಿಸಿ.

ಮತ್ತೆ 30 ಯಾರು ಇಡೋಕೆ ಹೇಳಿದ್ರು? ಮನಸ್ಸಲ್ಲೇ ಮಂತ್ರ ಹೇಳ್ಕೊಳ್ಳೋ ಟ್ರಾನ್ಸೆಂಡೆಂಟಲ್ ಮೆಡಿಟೇಶನ್‌ನವರು ದಿನಕ್ಕೆ ಎರಡು ಸಲ 20 ನಿಮಿಷ ಅಂತಾರೆ, 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಅನ್ನೋರು ಶುರು ಮಾಡಿದ 8 ವಾರದ ಒತ್ತಡ ಇಳಿಸೋ ಕೋರ್ಸಲ್ಲಿ ಮನೆ ಅಭ್ಯಾಸ 45 ನಿಮಿಷದ್ದು, ವಿಪಶ್ಯನದೋರು 1 ಗಂಟೆ. ಒಬ್ಬೊಬ್ಬರದು ಒಂದೊಂದು ಲೆಕ್ಕ. ನೀವು 12ಕ್ಕೆ ಚಡಪಡಿಸ್ತೀರ ಅಂದ್ರೆ 10 ಇಡಿ, ಒಂದು ವಾರ ಕಣ್ಣು ಬಿಡದೆ ಕೂತು ನೋಡಿ, ಆಮೇಲೆ 2 ನಿಮಿಷ ಏರಿಸಿ. ಕೂತಾಗ ಮಂಡೀಲಿ ಚುಚ್ಚೋ ನೋವು ಬಂದ್ರೆ ಮಾತ್ರ ಟೈಮರ್ ಹೊಡೀಲಿ ಅಂತ ಹಲ್ಲು ಕಚ್ಚಿ ಕಾಯ್ಬೇಡಿ, ಕಾಲು ಬದಲಾಯಿಸಿ ಕೂರಿ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಹೇಳ್ತಾರೆ, ಹಿಂದಿನೋರು ಏನ್ ಟೈಮರ್ ಇಟ್ಕೊಂಡು ತಪಸ್ಸು ಮಾಡ್ತಿದ್ರಾ, ಇದೆಲ್ಲ ಈಗಿನವರ ಶೋಕಿ ಅಂತ. ಏನ್ ಹೇಳ್ಲಿ?

ಉತ್ತರ: ಚಿಕ್ಕಪ್ಪನ ಜೊತೆ ವಾದ ಬೇಡ, ಆದ್ರೆ ಹಿಂದಿನೋರೂ ಹೊತ್ತು ಅಳೀತಿದ್ರು ಅಂತ ಮೆಲ್ಲಗೆ ಹೇಳಿ. ತಳದಲ್ಲಿ ಸಣ್ಣ ತೂತು ಇರೋ ಗಳಿಗೆಬಟ್ಟಲನ್ನ ನೀರಲ್ಲಿ ತೇಲಿಬಿಟ್ರೆ ಅದು ತುಂಬಿ ಮುಳುಗೋ ಹೊತ್ತಿಗೆ ಒಂದು ಗಳಿಗೆ, ನಮ್ಮ ಲೆಕ್ಕದಲ್ಲಿ 24 ನಿಮಿಷ, ಅಂಥ 60 ಸೇರಿದ್ರೆ ಒಂದು ದಿನ. ಎರಡು ಗಳಿಗೆ ಅಂದ್ರೆ ಒಂದು ಮುಹೂರ್ತ, 48 ನಿಮಿಷ, ಜೈನರು ಸಮಭಾವದಲ್ಲಿ ಧ್ಯಾನಕ್ಕೆ ಕೂರೋ ಸಾಮಾಯಿಕದ ಅವಧಿ ಇವತ್ತಿಗೂ ಅದೇ. ಜೆನ್‌ನಲ್ಲಿ ಒಂದು ಊದಿನಕಡ್ಡಿ ಉರಿದು ಮುಗಿಯೋವರೆಗೂ ಒಂದು ಬೈಠಕ್ ಅಂತ ಲೆಕ್ಕ ಇತ್ತು. ನನಗೆ ಊದಿನಕಡ್ಡಿ ಉಪಾಯ ತುಂಬಾ ಇಷ್ಟ, ಸದ್ದಿಲ್ಲ ಬ್ಯಾಟರಿ ಇಲ್ಲ, ಆದ್ರೆ ಮುಚ್ಚಿದ ರೂಮಲ್ಲಿ ದಿನಾ ಹೊಗೆ ಕುಡಿಯೋದು ಬೇಡ, ಉಬ್ಬಸ ಇದ್ದೋರಿಗಂತೂ ಬೇಡ್ವೇ ಬೇಡ.

ಪ್ರಶ್ನೆ: ಪ್ರತಿ 5 ನಿಮಿಷಕ್ಕೆ ಒಂದ್ಸಲ ಗಂಟೆ ಹೊಡೆಯೋ ಹಂಗೆ ಇಡಬಹುದಂತೆ, ಇಡ್ಲಾ?

ಉತ್ತರ: ನಿದ್ದೆ ತೂಗೋರಿಗೆ, ಯೋಚನೇಲಿ ಕಳೆದುಹೋಗೋರಿಗೆ ಒಳ್ಳೇದು, ಪ್ರತಿ ಗಂಟೇನೂ "ಎಲ್ಲಿದ್ದೀಯ?" ಅಂತ ಕೇಳಿದಂಗೆ. ಆದ್ರೆ ನೀವು ಗಂಟೆ ಎಣಿಸೋ ಪೈಕಿ ಆಗಿದ್ರೆ, ಮೂರಾಯ್ತು ಇನ್ನೊಂದೇ ಬಾಕಿ ಅಂತ, ಬೇಡ. ಬೇಕೇ ಬೇಕು ಅಂದ್ರೆ ಮಧ್ಯಕ್ಕೆ ಒಂದೇ ಒಂದು ಇಡಿ.

ಪ್ರಶ್ನೆ: ಆ್ಯಪ್‌ನಲ್ಲಿ ಸತತ 140 ದಿನ ಆಗಿತ್ತು, ಜ್ವರ ಬಂದು ಒಂದಿನ ತಪ್ಪಿ ಸೊನ್ನೆ ಆಯ್ತು. ಆಮೇಲಿಂದ ಕೂರೋಕೇ ಮನಸ್ಸಿಲ್ಲ.

ಉತ್ತರ: ಅಯ್ಯೋ. ಕೂತ 140 ದಿನ ಎಲ್ಲೂ ಹೋಗಿಲ್ಲ, ಸೊನ್ನೆ ಆಗಿದ್ದು ಆ್ಯಪ್‌ನ ಅಂಕಿ. ಆ ಆ್ಯಪ್ ತೆಗೆದುಹಾಕಿ, ಲೆಕ್ಕ ಇಡದಿರೋ ದಡ್ಡ ಟೈಮರ್ ತಗೊಳ್ಳಿ, ನಾಳೆ 5 ನಿಮಿಷ ಕೂರಿ.

ಪ್ರಶ್ನೆ: ಟೈಮರ್ ಹೊಡೀತು, ಆದ್ರೆ ತುಂಬ ಚೆನ್ನಾಗಿದೆ, ಏಳೋಕೆ ಮನಸ್ಸೇ ಬರ್ತಿಲ್ಲ. ಮುಂದುವರಿಸಬಹುದಾ?

ಉತ್ತರ: ಯಾವಾಗ್ಲೋ ಒಂದಿನ ಆದ್ರೆ ಕೂರಿ, ಯಾರೂ ಬೈಯಲ್ಲ. ದಿನಾ ಹಿಂಗೇ ಮಾಡಿದ್ರೆ ಮಾತ್ರ ಕಷ್ಟ ಇದೆ, ಚೆನ್ನಾಗಿದ್ದ ದಿನ ಜಾಸ್ತಿ ಕೂತೋರು ಚೆನ್ನಾಗಿಲ್ಲದ ದಿನ ಬೇಗ ಏಳ್ತಾರೆ, ನಾನೂ ಎದ್ದಿದ್ದೀನಿ. ಹಂಗಾಗಿ ಗಂಟೆ ಹೊಡೆದ್ಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಕೊಂಡೇ ಇರಿ, ಬೆರಳು ಆಡ್ಸಿ, ಎದ್ಬಿಡಿ. ನಾಳೆಗೆ 5 ನಿಮಿಷ ಜಾಸ್ತಿ ಬೇಕು ಅನ್ಸಿದ್ರೆ ಕೂರೋ ಮುಂಚೆ ಟೈಮರ್‌ನಲ್ಲೇ ಏರಿಸಿಕೊಳ್ಳಿ.