ಕಾನೂನು ಕೇಳಿ: ಬೇರೆಯವರು ಬಿಟ್ಟುಹೋದ ಸಾಮಾನು

ಪ್ರಶ್ನೆ: ನಾಲ್ಕು ತಿಂಗಳಿಂದ ಬಾಡಿಗೆ ಬಂದಿಲ್ಲ, ಬಾಡಿಗೆದಾರರ ಫೋನ್ ಸ್ವಿಚ್ ಆಫ್. ಬಾಗಿಲಿಗೆ ಅವರದೇ ಬೀಗ. ಕಿಟಕಿಯಿಂದ ನೋಡಿದರೆ ಫ್ರಿಜ್, ಬೀರು, ಮಂಚ ಕಾಣುತ್ತವೆ. ಬೀಗ ಒಡೆದು ಸಾಮಾನು ಮಾರಿ ಬಾಕಿಗೆ ಹೊಂದಿಸಿಕೊಳ್ಳಬಹುದೇ?
– ಓದುಗರು, ಹಾಸನ

ಉತ್ತರ: ಎರಡೂ ಮಾಡಬೇಡಿ. ಮನೆ ನಿಮ್ಮದಾದರೂ ಬೀಗ ಅವರದಿರುವ ತನಕ ಸ್ವಾಧೀನ ಅವರದೇ. ಬೀಗ ಒಡೆದರೆ, ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಮಿನಡಿ ಅವರು 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಕೇಳಬಹುದು. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ. ಸಾಮಾನು ಮುಟ್ಟಿದರೆ ಕಳವಿನ ದೂರಿಗೂ ದಾರಿಯಾಗುತ್ತದೆ. ಬಾಡಿಗೆ ಬಾಕಿಗಾಗಿ ಸಾಮಾನು ತಡೆಹಿಡಿಯುವ ಹಕ್ಕು ಮಾಲೀಕರಿಗೆ ತಾನಾಗಿ ಬರುವುದಿಲ್ಲ.

ಮೊದಲು ಬಾಡಿಗೆ ಮುಗಿಸುವ ನೋಟಿಸ್ ಕೊಡಿ. ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಸಾಕು. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ. ಸ್ವೀಕೃತಿ ಸಹಿತ ಅಂಚೆಯಲ್ಲಿ ಮೂರು ಕಡೆಗೆ ಕಳಿಸಿ: ಬಾಡಿಗೆ ಮನೆಯ ವಿಳಾಸ, ಆಧಾರ್ ಪ್ರತಿಯಲ್ಲಿರುವ ಊರಿನ ವಿಳಾಸ, ಕೆಲಸದ ಸ್ಥಳ. ವಾಟ್ಸ್ಆ್ಯಪ್‌ಗೂ ಹಾಕಿ. ‘ವಿಳಾಸದಲ್ಲಿಲ್ಲ’ ಎಂಬ ಷರಾದೊಂದಿಗೆ ವಾಪಸು ಬಂದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ. ಎಷ್ಟೋ ಜನ ಅದನ್ನು ಹರಿದು ಎಸೆಯುತ್ತಾರೆ. ನೀವು ನೋಟಿಸ್ ಕಳಿಸಿದ್ದಕ್ಕೆ ಮುಂದೆ ಅದೇ ಸಾಕ್ಷಿ.

ಅವಧಿ ಮುಗಿದರೂ ಬರದಿದ್ದರೆ ಮನೆ ತೆರವಿಗೂ ಬಾಕಿಗೂ ಒಂದೇ ದಾವೆ ಹೂಡಿ. ಬಾಡಿಗೆ ಬಾಕಿ ಕೇಳಲು 3 ವರ್ಷದ ಮಿತಿಯಿದೆ. ಮುಂಗಡ ನಿಮ್ಮ ಕೈಯಲ್ಲಿದ್ದರೆ ಮೊದಲು ಅದರಲ್ಲಿ ಬಾಕಿ ಕಳೆದು ಲೆಕ್ಕ ಬರೆದಿಡಿ. ನಡುವೆ ಗ್ಯಾಸ್ ವಾಸನೆ, ನೀರಿನ ಸೋರಿಕೆಯಂಥ ತುರ್ತು ಬಂದರೆ 112ಕ್ಕೆ ಕರೆ ಮಾಡಿ, ಪೊಲೀಸರು ಮತ್ತು ಇಬ್ಬರು ನೆರೆಯವರ ಎದುರಿಗೆ ಬಾಗಿಲು ತೆಗೆಸಿ. ವಿಡಿಯೊ ಮಾಡಿ, ತೊಂದರೆ ಸರಿಪಡಿಸಿ, ಮತ್ತೆ ಮುಚ್ಚಿ. ಉಳಿದ ಯಾವುದಕ್ಕೂ ಕೈ ಹಾಕಬೇಡಿ.

ಪ್ರಶ್ನೆ: ಬಾಡಿಗೆದಾರರು ಕೀಲಿ ಕೊಟ್ಟು ಹೋದರು. ಹಳೇ ಫ್ರಿಜ್, ಮರದ ಮಂಚ, ಇನ್ವರ್ಟರ್, ಎರಡು ಸಿಲಿಂಡರ್ ಅಲ್ಲೇ ಉಳಿದಿವೆ. ‘ಆಮೇಲೆ ಒಯ್ಯುತ್ತೇನೆ’ ಎಂದವರ ಸುದ್ದಿಯಿಲ್ಲ. ಹೊಸಬರು ಬರಲು ಕಾಯುತ್ತಿದ್ದಾರೆ, ಮಳೆಗಾಲ ಬೇರೆ.
– ಓದುಗರು, ಮಂಗಳೂರು

ಉತ್ತರ: ಕೀಲಿ ಕೈಸೇರಿದ್ದರಿಂದ ಮನೆಯ ಸ್ವಾಧೀನ ನಿಮಗೆ ಮರಳಿದೆ, ಬಾಗಿಲು ತೆಗೆಯಲು ಅಡ್ಡಿಯಿಲ್ಲ. ಸಾಮಾನಿನ ಒಡೆತನ ಮಾತ್ರ ಬದಲಾಗಿಲ್ಲ. ಅದನ್ನು ಸ್ವಂತಕ್ಕೆ ಬಳಸಿದರೆ ಅಥವಾ ಸದ್ದಿಲ್ಲದೆ ಮಾರಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು, ಅಂದರೆ ಅಪ್ರಾಮಾಣಿಕ ದುರುಪಯೋಗದ ಆರೋಪ ಬರಬಹುದು. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದಂತೆ 2 ವರ್ಷದವರೆಗೆ ಜೈಲು, ಜತೆಗೆ ದಂಡ.

ಮೊದಲ ಕೆಲಸ ಪಟ್ಟಿ. ಸಂಬಂಧಿಕರಲ್ಲದ ಇಬ್ಬರನ್ನು ನಿಲ್ಲಿಸಿಕೊಂಡು ಬರೆಯಿರಿ. ‘ಬೀರು 1’ ಎಂದಷ್ಟೇ ಬರೆದರೆ ಜಗಳಕ್ಕೆ ಆಹ್ವಾನ. ‘ಕಬ್ಬಿಣದ ಬೀರು 1, ಬೂದು ಬಣ್ಣ, ಎಡ ಬಾಗಿಲ ಕೆಳಭಾಗ ನೆಗ್ಗಿದೆ, ಬೀಗ ಹಾಕಿದೆ, ಕೀಲಿ ಇಲ್ಲ, ತೆರೆದಿಲ್ಲ’ ಎಂದು ಬರೆಯಿರಿ. ಫ್ರಿಜ್, ಇನ್ವರ್ಟರ್‌ಗಳ ಸೀರಿಯಲ್ ನಂಬರ್‌ನ ಫೋಟೊ ತೆಗೆಯಿರಿ. ಎಲ್ಲರೂ ದಿನಾಂಕ ಹಾಕಿ ಸಹಿ ಮಾಡಲಿ. ಚಿನ್ನ, ನಗದು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಠಾಣೆಗೆ ತಿಳಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನೂ ಠಾಣೆಗೇ ಒಪ್ಪಿಸಿ.

ಆಮೇಲೆ ನೋಟಿಸ್. ಪಟ್ಟಿ ಲಗತ್ತಿಸಿ, ಸಾಮಾನು ಎಲ್ಲಿದೆ, ಯಾವ ಹೊತ್ತಿಗೆ ಬಂದು ಒಯ್ಯಬಹುದು, ಸಾಗಿಸಲು ಮತ್ತು ಇಡಲು ನಿಮಗೆ ಎಷ್ಟು ಖರ್ಚಾಗಿದೆ, ಎಂದಿನೊಳಗೆ ಬರಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಇಷ್ಟೇ ದಿನ ಎಂದು ಕಾನೂನು ಹೇಳಿಲ್ಲ. 30 ದಿನ ಕೊಡುವುದು ನನ್ನ ಸಲಹೆ, ಅದು ಬಿಟ್ಟುಹೋದವರಿಗೂ ನ್ಯಾಯ. ಬರದಿದ್ದರೆ 15 ದಿನದ ಎರಡನೇ ನೋಟಿಸ್ ಕಳಿಸಿ, ಮಾರುವುದಾಗಿ ಅದರಲ್ಲೇ ತಿಳಿಸಿ.

ಮಾರಾಟಕ್ಕೆ ನೇರವಾದ ನಿಯಮವಿಲ್ಲ. ಹತ್ತಿರದ ಅಳತೆಗೋಲು ಭಾರತೀಯ ಕರಾರು ಕಾಯ್ದೆ 1872ರ 169ನೇ ಕಲಮು. ಸಿಕ್ಕಿದ ವಸ್ತುವಿನ ಒಡೆಯ ಎಷ್ಟು ಹುಡುಕಿದರೂ ಸಿಗದಿದ್ದಾಗ, ಅಥವಾ ನ್ಯಾಯವಾದ ಖರ್ಚು ಕೇಳಿದರೂ ಕೊಡದಿದ್ದಾಗ, ಎರಡು ಸಂದರ್ಭಗಳಲ್ಲಿ ಮಾರಬಹುದೆಂದು ಅದು ಹೇಳುತ್ತದೆ: ವಸ್ತು ಹಾಳಾಗುವ ಅಥವಾ ಬೆಲೆಯ ಬಹುಪಾಲು ಕಳೆದುಕೊಳ್ಳುವ ಅಪಾಯವಿದ್ದಾಗ, ಇಲ್ಲವೇ ಖರ್ಚು ಬೆಲೆಯ ಮೂರನೇ ಎರಡು ಭಾಗ ಮುಟ್ಟಿದಾಗ. 6,000 ರೂಪಾಯಿ ಬಾಳುವ ಫ್ರಿಜ್‌ಗೆ ನಿಮ್ಮ ಖರ್ಚು 4,000 ಆಯಿತೆಂದರೆ ಆ ಗೆರೆ ಮುಟ್ಟಿದಂತೆ. ಇಬ್ಬರು ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳಿಂದ ಬರಹದಲ್ಲಿ ದರ ಪಡೆದು, ಹೆಚ್ಚು ಕೊಡುವವರಿಗೆ ಬ್ಯಾಂಕ್ ಮೂಲಕವೇ ಮಾರಿ. ಖರ್ಚು ಕಳೆದು ಉಳಿದದ್ದು ಅವರ ಹಣ. ಅವರ ಯಾವ ಖಾತೆಯಿಂದ ಬಾಡಿಗೆ ಬರುತ್ತಿತ್ತೋ ಅದಕ್ಕೇ ಹಾಕಿಬಿಡಿ.

ಅಲ್ಲಿಯವರೆಗೆ ಸಾಧಾರಣ ಜಾಗರೂಕತೆಯಿಂದ ಕಾಯಬೇಕು. ನಿಮ್ಮ ಊರಿನ ಮಳೆಗೆ ಇದು ಸಣ್ಣ ಮಾತಲ್ಲ. ಫ್ರಿಜ್‌ನ ಪ್ಲಗ್ ತೆಗೆದು, ಒಳಗೆ ಒಣಬಟ್ಟೆಯಿಂದ ಒರೆಸಿ, ಬಾಗಿಲಿಗೆ ಬಟ್ಟೆಯ ಸುರುಳಿ ಸಿಕ್ಕಿಸಿ ಎರಡು ಬೆರಳಿನಷ್ಟು ತೆರೆದಿಡಿ. ಪೂರ್ತಿ ಮುಚ್ಚಿದರೆ ಒಳಗೆಲ್ಲ ಬೂಷ್ಟು ಹಿಡಿದು ರಬ್ಬರ್ ಪಟ್ಟಿ ಕೆಡುತ್ತದೆ. ಮಂಚದ ಕಾಲಿನಡಿ ಇಟ್ಟಿಗೆ ಕೊಡಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಇನ್ವರ್ಟರ್ ಬ್ಯಾಟರಿಯ ತಂತಿಗಳನ್ನು ಬಲ್ಲವರಿಂದಲೇ ಬಿಚ್ಚಿಸಿ. ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಸಾಯುತ್ತದೆ. ಅದಕ್ಕೇ ಬೇಗ ಬೆಲೆ ಕಳೆದುಕೊಳ್ಳುವ ವಸ್ತುಗಳಲ್ಲಿ ಅದನ್ನು ಮೊದಲು ಲೆಕ್ಕಹಾಕಿ. ಸಿಲಿಂಡರ್ ಮಾರುವಂತಿಲ್ಲ, ಅದು ತೈಲ ಕಂಪನಿಯ ಸ್ವತ್ತು. ಗ್ಯಾಸ್ ಏಜೆನ್ಸಿಗೆ ಬರಹದಲ್ಲಿ ತಿಳಿಸಿ ಒಪ್ಪಿಸಿ, ರಸೀದಿ ಪಡೆಯಿರಿ.

ಪ್ರಶ್ನೆ: ನಮ್ಮ ಕಾಂಪೌಂಡಿನೊಳಗೆ ಯಾರದೋ ಸ್ಕೂಟರ್ ಒಂದು ವರ್ಷದಿಂದ ನಿಂತಿದೆ. ಗುಜರಿಗೆ ಹಾಕಲೇ?
– ಓದುಗರು, ತುಮಕೂರು

ಉತ್ತರ: ಹಾಕಬೇಡಿ. ನೋಂದಣಿ ಸಂಖ್ಯೆಯನ್ನು ವಾಹನ ದಾಖಲೆಗಳ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿ. ನಂಬರ್ ಪ್ಲೇಟ್ ಇಲ್ಲದಿದ್ದರೆ ಚಾಸಿ ನಂಬರ್ ಬರೆದುಕೊಳ್ಳಿ. ಇಷ್ಟನ್ನೂ ಫೋಟೊವನ್ನೂ ಸೇರಿಸಿ ಠಾಣೆಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಕಳವಿನ ಗಾಡಿ ಎಂಬ ಅನುಮಾನವಿದ್ದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ ವಶಪಡಿಸಿಕೊಳ್ಳುತ್ತಾರೆ. ದಾಖಲೆಯಲ್ಲಿ ಸಾಲದ ಕಂಪನಿಯ ಹೆಸರಿದ್ದರೆ ಅವರಿಗೂ ಪತ್ರ ಬರೆಯಿರಿ, ಗಾಡಿ ಒಯ್ಯಲು ಕಾರಣವಿರುವವರು ಅವರೇ. ಅವರೇ ಬಂದರೂ ಗುರುತಿನ ಚೀಟಿಯ ಪ್ರತಿ ಮತ್ತು ಸಹಿಯಿಲ್ಲದೆ ಬಿಡಬೇಡಿ. ಒಂದು ಸುತ್ತಿಗೂ ಆ ಗಾಡಿ ಓಡಿಸಬೇಡಿ.

ಪ್ರಶ್ನೆ: ಒಂಟಿಯಾಗಿದ್ದ ಬಾಡಿಗೆದಾರರು ತೀರಿಕೊಂಡರು. ಒಬ್ಬ ಮಗ ಬಂದು ಎಲ್ಲವನ್ನೂ ಕೇಳುತ್ತಿದ್ದಾನೆ.
– ಓದುಗರು, ಮೈಸೂರು

ಉತ್ತರ: ಮೊದಲು ಬಂದವರೇ ವಾರಸುದಾರರಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನರು. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ತರಲು ಹೇಳಿ. ಅದರಲ್ಲಿರುವ ಎಲ್ಲರೂ ಸಹಿ ಹಾಕಲಿ, ಅಥವಾ ಒಬ್ಬರಿಗೆ ಅಧಿಕಾರ ಪತ್ರ ಕೊಡಲಿ. ಬಟ್ಟೆ, ಔಷಧಿ, ದೇವರ ಪಟಗಳನ್ನು ರಸೀದಿ ಪಡೆದು ಕೊಡಲು ಹಿಂಜರಿಯಬೇಡಿ. ದುಃಖದಲ್ಲಿರುವವರನ್ನು ಅದಕ್ಕೂ ಕಾಯಿಸುವುದು ಸರಿಯಲ್ಲ. ಒಡವೆ, ಠೇವಣಿ ಪತ್ರಗಳು ಮಾತ್ರ ಎಲ್ಲರ ಸಹಿಯಾದ ಮೇಲೆಯೇ. ಬಾಡಿಗೆ ಮುಂಗಡವನ್ನೂ ಹಾಗೇ ಎಲ್ಲರ ಸಹಿ ಪಡೆದು ಹಿಂದಿರುಗಿಸಿ.

ಪ್ರಶ್ನೆ: ಪಕ್ಕದವರು ಮನೆ ಕಟ್ಟಲು ನಮ್ಮ ಖಾಲಿ ಸೈಟಿನಲ್ಲಿ ಜಲ್ಲಿ, ಎಂ-ಸ್ಯಾಂಡ್ ಸುರಿದಿದ್ದಾರೆ. ಜಗಳ ಬೇಡ, ಆದರೆ ಸೈಟು ಕೈತಪ್ಪೀತೇ?
– ಓದುಗರು, ದಾವಣಗೆರೆ

ಉತ್ತರ: ಜಲ್ಲಿ ಸುರಿದ ಮಾತ್ರಕ್ಕೆ ತಪ್ಪದು. ವಿರುದ್ಧ ಸ್ವಾಧೀನಕ್ಕೆ, ಅಂದರೆ ಮಾಲೀಕರಿಗೆ ವಿರುದ್ಧವಾಗಿ ಜಾಗ ಹಿಡಿದಿಟ್ಟು ತನ್ನದಾಗಿಸಿಕೊಳ್ಳಲು 12 ವರ್ಷ, ದಾರಿಯಂಥ ಬಳಕೆಯ ಹಕ್ಕಿಗೆ 20 ವರ್ಷ ಬೇಕು. ಅನುಮತಿಯಿಂದ ನಡೆದ ಬಳಕೆ ಈ ಎರಡಕ್ಕೂ ಲೆಕ್ಕಕ್ಕಿಲ್ಲ. ಜಗಳವಿಲ್ಲದ ದಾರಿ ಅಲ್ಲೇ ಇದೆ. ಒಂದು ಹಾಳೆಯಲ್ಲಿ ಹೀಗೆ ಬರೆದು ಅವರ ಸಹಿ ಪಡೆಯಿರಿ: ‘ಈ ಸೈಟಿನ ಮಾಲೀಕರ ಅನುಮತಿಯಿಂದ ಕಟ್ಟಡ ಸಾಮಗ್ರಿ ಇಟ್ಟಿದ್ದೇನೆ. ಇಂಥ ದಿನಾಂಕದೊಳಗೆ ನನ್ನ ಖರ್ಚಿನಲ್ಲಿ ತೆರವು ಮಾಡಿ ನೆಲ ಸಮ ಮಾಡಿಕೊಡುತ್ತೇನೆ. ಈ ಜಾಗದ ಮೇಲೆ ನನಗೆ ಯಾವ ಹಕ್ಕೂ ಇಲ್ಲ.’ ಸೈಟಿನ ನಂಬರ್, ಚೆಕ್ಕುಬಂದಿ ಅದರಲ್ಲಿರಲಿ. ಸಹಿ ಹಾಕಲು ಒಪ್ಪದಿದ್ದರೆ ತಡಮಾಡದೆ ವಕೀಲರ ನೋಟಿಸ್ ಕೊಡಿಸಿ, ಸೈಟಿಗೆ ತಂತಿ ಬೇಲಿ ಹಾಕಿಸಿ.