ಡಾಕ್ಟರ್ ಫೀಸು ಏರಿದರೆ ಜನ ಚಿಕಿತ್ಸೆಯ ಖರ್ಚು ಕಡಿಮೆ ಮಾಡುತ್ತಾರಾ?

ಮಾಡುತ್ತಾರೆ, ಆದರೆ ಬೆಲೆ ಏರಿದಷ್ಟೇ ಅಲ್ಲ. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ 1974ರಿಂದ 1982ರವರೆಗೆ ಸಾವಿರಾರು ಜನರಿಗೆ ಬೇರೆ ಬೇರೆ ಥರದ ವಿಮೆ ಕೊಟ್ಟು (ಕೆಲವರಿಗೆ ಚಿಕಿತ್ಸೆ ಪೂರ್ತಿ ಉಚಿತ, ಉಳಿದವರು ಒಂದು ಪಾಲು ಜೇಬಿನಿಂದ ಕೊಡಬೇಕು) ಇದನ್ನೇ ಪರೀಕ್ಷಿಸಿತು. ಜೇಬಿನಿಂದ ಕೊಡುವ ಬೆಲೆ 10% ಏರಿದರೆ ಖರ್ಚು ಇಳಿಯುವುದು ಸುಮಾರು 2% ಅಂತ ಲೆಕ್ಕ ಸಿಕ್ಕಿತು.

ಯಾಕೆ ಅಂದರೆ, ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಅನ್ನುವುದಷ್ಟೇ ನಮ್ಮ ಕೈಲಿರುತ್ತದೆ. ಹೋದ ಮೇಲೆ ಯಾವ ಟೆಸ್ಟು, ಯಾವ ಔಷಧಿ ಅಂತ ಹೇಳುವವರು ಅವರೇ ಅಲ್ವಾ? ಹಾಗಾಗಿ ಜನ ದುಡ್ಡು ಉಳಿಸುವುದು ಮುಖ್ಯವಾಗಿ ಹೋಗದೇ ಇದ್ದು.

ನನಗೆ ಸಂಕಟವಾಗುವುದು ಇಲ್ಲೇ. ಆ ಪರೀಕ್ಷೆಯಲ್ಲಿ ಬೇಕಾದ ಚಿಕಿತ್ಸೆ, ಬೇಡದ್ದು ಎರಡನ್ನೂ ಜನ ಒಂದೇ ಸಮ ಬಿಟ್ಟರು. ನಮ್ಮ ಮುಂಬೈನ ಘಾಟ್ಕೋಪರ್‌ನ ಮೆಡಿಕಲ್ ಅಂಗಡಿಗಳಲ್ಲೂ ಇದು ಕಾಣುತ್ತದೆ. ಕೊಳ್ಳಲು ಬಂದವರು ಬಿಪಿ ಮಾತ್ರೆಯ ಸ್ಟ್ರಿಪ್ ಕತ್ತರಿಸಲು ಹೇಳಿ, "ನಾಲ್ಕೇ ಸಾಕು" ಅನ್ನುತ್ತಾರೆ. ಬಿಪಿ ನೋಯುವುದಿಲ್ಲ, ಅದಕ್ಕೇ ಮೊದಲು ಅದರ ಮಾತ್ರೆಗೇ ಕತ್ತರಿ. ಆದರೆ ರ‍್ಯಾಂಡ್ ಪರೀಕ್ಷೆಯಲ್ಲಿ ಉಚಿತ ಚಿಕಿತ್ಸೆಯಿಂದ ಹೆಚ್ಚು ಲಾಭವಾದದ್ದು ಬಿಪಿ ಇದ್ದ ಬಡವರಿಗೇ. ಮನೆಯಲ್ಲಿ ಯಾರಾದರೂ ಹೀಗೆ ಮಾತ್ರೆ ಬಿಡುತ್ತಿದ್ದರೆ, ಮುಂಬೈ ಪಾಲಿಕೆಯ ಕೆಇಎಂ ಅಥವಾ ಸಾಯನ್ ಆಸ್ಪತ್ರೆಯ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) ಕರೆದುಕೊಂಡು ಹೋಗಿ, ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಿ.