ಬೆತ್ತದ ಅಧ್ಯಾಯ ಹಾರಿಸಿ ಓದಿ ಹೇಳಬೇಡಿ

ಇಂಗ್ಲಿಷಿನಲ್ಲಿ ಮಕ್ಕಳ ಕಥೆ ಬರೆದ ರೋಲ್ಡ್ ಡಾಲ್ ತನ್ನ ಬಾಲ್ಯ, ಶಾಲೆ ಬಗ್ಗೆ ಬರೆದ ‘ಬಾಯ್’ ಪುಸ್ತಕವನ್ನು ಹತ್ತು ವರ್ಷದ ಮಗನಿಗೆ ಓದಿ ಹೇಳಬೇಕು ಅಂತಿದ್ದೀರಿ. ಮಾಷ್ಟ್ರುಗಳು ಹೊಡೆಯುವ ಭಾಗ ಜಾಸ್ತಿ ಇದೆ, ಬರುವ ವರ್ಷ ಮೂಡುಬಿದಿರೆ ಕಡೆ ಹಾಸ್ಟೆಲ್‌ಗೆ ಸೇರಿಸುವುದಿದೆ, ಸುಮ್ನೆ ಹೆದರಿಸಿದ ಹಾಗೆ ಆಗಬಾರದು, ಹಾಗಾಗಿ ಅದನ್ನು ಬಿಟ್ಟು ಹೇಳಲಾ, ಎರಡು ವರ್ಷ ಕಾಯಲಾ, ಇಲ್ಲ ನಮ್ಮ ಕಡೆಯವರ ಪುಸ್ತಕವನ್ನೇ ಕೊಡಲಾ ಅಂತ ನಿಮ್ಮ ಪ್ರಶ್ನೆ.

ಬಿಟ್ಟು ಹೇಳಬೇಡಿ. ನಾನು ಬಿಟ್ಟು ಹೇಳಿದವಳು.

ನನ್ನ ಮಗ ಆಗ ಐದನೇ ಕ್ಲಾಸು. ನಾವಿರುವುದು ಉಡುಪಿಯಲ್ಲಿ, ಸಂತೆಕಟ್ಟೆ ಕಡೆ. ಮನೆಯವರು ದುಬೈಯಲ್ಲಿದ್ದರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಕರೆಂಟಿನ ಭರವಸೆ ಇರುವುದಿಲ್ಲ, ಆಟಕ್ಕೆ ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ಊಟ ಆದ ಮೇಲೆ ಪುಸ್ತಕ ಹಿಡಿದು ಕೂರುವುದು ಅಭ್ಯಾಸ ಆಯಿತು. ಪುಸ್ತಕ ಇಂಗ್ಲಿಷಿನದ್ದು. ನಾನು ಒಂದು ಪ್ಯಾರಾ ಮನಸ್ಸಲ್ಲೇ ಓದಿಕೊಂಡು ಅವನಿಗೆ ಕನ್ನಡದಲ್ಲಿ ಹೇಳುವುದು. ಹೀಗೆ ಹೇಳುವಾಗ ಮಧ್ಯೆ ಏನು ನುಂಗಿದರೂ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂತ ನಮಗೊಂದು ಧೈರ್ಯ ಇರುತ್ತದೆ.

ಏನೇನು ಹೇಳಿದೆ ಅಂತ ಮೊದಲು ಕೇಳಿ. ಡಾಲ್ ಹುಟ್ಟಿದ್ದು 1916ರಲ್ಲಿ, ವೇಲ್ಸ್‌ನ ಕಾರ್ಡಿಫ್ ಪಕ್ಕದ ಲ್ಯಾಂಡಾಫ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ನಾರ್ವೆಯವರು. ಅಪ್ಪ 14ನೇ ವಯಸ್ಸಿನಲ್ಲಿ ಮಾಡಿನಿಂದ ಬಿದ್ದು ಕೈ ಮುರಿದುಕೊಂಡಾಗ, ಕುಡಿದು ಬಂದ ಡಾಕ್ಟರು ಭುಜ ಜಾರಿದೆ ಅಂತ ತಿಳಿದು ಕೈಯನ್ನು ಎಳೆಸಿದ್ದು, ಕೊನೆಗೆ ಅದನ್ನು ಕತ್ತರಿಸಿಯೇ ತೆಗೆಯಬೇಕಾದದ್ದು, ಅದನ್ನು ಹೇಳಿದೆ. ಹುಡುಗ ಡಾಲ್‌ಗೆ ನೋವು ತಿಳಿಯದ ಹಾಗೆ ಮಾಡುವ ಔಷಧಿಯೂ ಕೊಡದೆ ಮೂಗಿನ ಹಿಂದಿನ ಅಡಿನಾಯ್ಡ್ ಕತ್ತರಿಸಿದ್ದನ್ನು ಹೇಳಿದೆ. ಕಾರು ಗುದ್ದಿ ಅವನ ಮೂಗು ಚರ್ಮದ ಒಂದು ಎಳೆಯಲ್ಲಿ ನೇತಾಡಿದ್ದನ್ನು ಅಭಿನಯ ಮಾಡಿಯೇ ಹೇಳಿದೆ. ಮಗ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡ. ಅಂದರೆ ರಕ್ತಕ್ಕೆ, ನೋವಿಗೆ ನಾನು ಹೆದರಿದವಳಲ್ಲ.

ಆದರೆ 1924ರ ಇಲಿ ಕಥೆಗೆ ಬಂದಾಗ ನನ್ನ ನಾಲಿಗೆ ತಡೆಯಿತು. ಶಾಲೆ ದಾರಿಯಲ್ಲಿ ಒಂದು ಮಿಠಾಯಿ ಅಂಗಡಿ. ಅಂಗಡಿಯವಳು ಗಲೀಜು, ಬಾಯಿ ಜೋರು. ಡಾಲ್ ಮತ್ತು ಗೆಳೆಯರು ಸೇರಿ ಗಾಜಿನ ಭರಣಿಯೊಳಗೆ ಸತ್ತ ಇಲಿ ಹಾಕಿ ಓಡುತ್ತಾರೆ. (ಆ ಹೆಂಗಸಿನ ಬಗ್ಗೆ ಡಾಲ್ ಬರೆದ ರೀತಿ ನನಗೆ ಈಗಲೂ ಸರಿ ಕಾಣುವುದಿಲ್ಲ. ಅಷ್ಟು ದೊಡ್ಡವನಾದ ಮೇಲೆ ಬರೆಯುವಾಗಲಾದರೂ ಒಂದು ಚೂರು ಕರುಣೆ ಬೇಡವಾ? ಗೂಡಂಗಡಿ ಇಟ್ಟುಕೊಂಡು ಬದುಕುವವರ ಕಷ್ಟ ನಮಗೆ ಗೊತ್ತಿಲ್ಲವಾ?) ಮಾರನೇ ದಿನ ಅವಳು ಶಾಲೆಗೆ ಬಂದು ಹುಡುಗರನ್ನು ಗುರುತು ಹಿಡಿಯುತ್ತಾಳೆ. ಹೆಡ್ಮಾಷ್ಟ್ರು ಒಬ್ಬೊಬ್ಬನಿಗೂ ನಾಲ್ಕು ಏಟು ಬೆತ್ತದಲ್ಲಿ ಬಾರಿಸುತ್ತಾರೆ. ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಇನ್ನೂ ಜೋರಾಗಿ ಹಾಕಿ ಅನ್ನುತ್ತಾಳೆ.

ನಾನು ಹೇಳಿದ್ದು ಇಷ್ಟೇ: “ಹೆಡ್ಮಾಷ್ಟ್ರು ಚೆನ್ನಾಗಿ ಬೈದರು. ಆಮೇಲೆ ಅವನ ಅಮ್ಮ ಅವನನ್ನು ಬೇರೆ ಶಾಲೆಗೆ ಹಾಕಿದರು.”

“ಬೈದದ್ದಕ್ಕೆ ಶಾಲೆ ಬಿಡಿಸಿದ್ರಾ ಅಮ್ಮ?”

“ಹೌದು. ಇನ್ನೂ ಒಳ್ಳೆ ಶಾಲೆ ಸಿಕ್ಕಿತು ಅವನಿಗೆ.”

ಅವನು ನನ್ನ ಮುಖ ನೋಡಿದ. ಮತ್ತೇನೂ ಕೇಳಲಿಲ್ಲ. ನಾನು ಪುಟ ಮಗುಚಿದೆ.

ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ತುಂಬ ಯೋಚನೆ ಮಾಡಿದ್ದೇನೆ, ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತಲೆಯಲ್ಲೂ ಅದೇ ಇದೆ ಅಂತ ಕಾಣುತ್ತದೆ. ಮಗು ಹೆದರುತ್ತದೆ ಅಂತ ನಾವು ಹೇಳುತ್ತೇವೆ. ಕೈ ಕತ್ತರಿಸಿದ್ದಕ್ಕೆ ಹೆದರದವನು ನಾಲ್ಕು ಏಟಿಗೆ ಹೆದರುತ್ತಾನಾ? ನನ್ನ ಭಯ ಬೇರೆ ಇತ್ತು. ಕುಡುಕ ಡಾಕ್ಟರನ್ನು ನಾಳೆ ಬೆಳಿಗ್ಗೆ ಅವನು ನೋಡಬೇಕಾಗಿಲ್ಲ. ಟೀಚರನ್ನು ನೋಡಬೇಕು, ಎದ್ದು ನಿಂತು ನಮಸ್ತೆ ಹೇಳಬೇಕು. ಟೀಚರ್ ತಪ್ಪು ಮಾಡಬಹುದು ಅನ್ನುವ ಮಾತು ನನ್ನ ಬಾಯಿಂದ ಬಂದರೆ ನಾಳೆ ಹೋಮ್‌ವರ್ಕ್ ಮಾಡು ಅಂತ ಯಾವ ಬಾಯಲ್ಲಿ ಹೇಳಲಿ? ನಾನು ಬೆಳೆದದ್ದೂ ಹಾಗೆಯೇ. ಮಂಗಳೂರಿನಲ್ಲಿ ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಅಪ್ಪ ಮಾಷ್ಟ್ರ ಹತ್ತಿರ ಹೇಳಿದ ಮಾತು, “ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ.” ಮಾಷ್ಟ್ರು ಆ ಮಾತನ್ನು ಚೆನ್ನಾಗಿಯೇ ನಡೆಸಿಕೊಟ್ಟರು. ಮನೆಗೆ ಬಂದು ಹೇಳಿದರೆ ಅಲ್ಲಿ ಇನ್ನೆರಡು ಬೀಳುತ್ತಿತ್ತು. ಹಾಗಾಗಿ ಹೇಳುತ್ತಿರಲಿಲ್ಲ.

ನನಗೆ ಜಾಸ್ತಿ ನಷ್ಟ ಮಾಡಿದ್ದು ಏಟಿನ ಪುಟ ಬಿಟ್ಟದ್ದೂ ಅಲ್ಲ. ಅದರ ಹಿಂದೆಯೇ ಬರುವ ಪುಟ ಬಿಟ್ಟದ್ದು. ಏಟು ತಿಂದ ರಾತ್ರಿ ಸ್ನಾನ ಮಾಡಿಸುವಾಗ ಅಮ್ಮ ಬಾಸುಂಡೆ ನೋಡುತ್ತಾಳೆ. ಯಾರು ಹೊಡೆದದ್ದು ಅಂತ ಕೇಳುತ್ತಾಳೆ. ಹುಡುಗ ಇಲಿ ಹಾಕಿದ್ದನ್ನೂ ಸೇರಿಸಿ ಎಲ್ಲ ಹೇಳುತ್ತಾನೆ. ಅವಳು ಅವನಿಗೆ ಬೈಯುವುದಿಲ್ಲ, ಟೋಪಿ ಹಾಕಿಕೊಂಡು ಸೀದಾ ಹೆಡ್ಮಾಷ್ಟ್ರ ಮನೆಗೆ ಹೋಗುತ್ತಾಳೆ. ನೀವು ಹೊರದೇಶದವರು, ಇಲ್ಲಿನ ಶಾಲೆಯ ರೀತಿ ನಿಮಗೆ ತಿಳಿಯುವುದಿಲ್ಲ ಅಂತ ಅವರು ಕಳಿಸುತ್ತಾರೆ. ಗಂಡ 1920ರಲ್ಲೇ ತೀರಿಕೊಂಡಿದ್ದಾನೆ, ಪರದೇಶ, ಮನೆ ತುಂಬ ಮಕ್ಕಳು. ಆದರೂ ವರ್ಷ ಮುಗಿದ ಕೂಡಲೇ ಮಗನನ್ನು ಆ ಶಾಲೆ ಬಿಡಿಸುತ್ತಾಳೆ. ಆ ಇಡೀ ಪುಸ್ತಕದಲ್ಲಿ ನನ್ನ ಮಗ ಕೇಳಲೇಬೇಕಾದ ಪುಟ ಯಾವುದಾದರೂ ಇದ್ದರೆ ಇದು. ಬೆತ್ತ ಕಿತ್ತು ಹಾಕುವ ಭರದಲ್ಲಿ ನಾನು ಅಮ್ಮನನ್ನೇ ಕಿತ್ತು ಹಾಕಿದೆ. ಮತ್ತೆ ಆ ಏಟಿಲ್ಲದೆ ಅವಳು ಶಾಲೆ ಬಿಡಿಸುವುದಕ್ಕೆ ಅರ್ಥವೇ ಇಲ್ಲ. ಮಗನಿಗೆ ಅದು ಆಗಲೇ ಹೊಳೆದಿತ್ತು, ನನಗೆ ಹೊಳೆಯಲಿಲ್ಲ.

ಆಮೇಲೆ ಆ ಅಮ್ಮ ಮಗನನ್ನು ಕಳಿಸಿದ್ದು ಸಮುದ್ರದ ಆಚೆ ದಡದ ಒಂದು ಬೋರ್ಡಿಂಗ್ ಶಾಲೆಗೆ, ಒಂಬತ್ತನೇ ವಯಸ್ಸಿಗೆ. ಅಲ್ಲೂ ಬೆತ್ತ ಇತ್ತು. ನಿಬ್ಬು ಮುರಿಯಿತು ಅಂತ ಪಕ್ಕದವನ ಹತ್ತಿರ ಪಿಸುಮಾತಲ್ಲಿ ನಿಬ್ಬು ಕೇಳಿದ್ದಕ್ಕೆ ಆರು ಏಟು. ಅದನ್ನೂ ಹಾರಿಸಿದೆ. ಮನೆ ನೆನಪಾಗಿ ಅಪೆಂಡಿಕ್ಸ್ ನೋವು ಅಂತ ನಾಟಕ ಮಾಡಿ ಊರಿಗೆ ಹೋದ ಅಧ್ಯಾಯ ಮಾತ್ರ ಪೂರ್ತಿ ಹೇಳಿದೆ. ಎಲ್ಲಿ ಮುಟ್ಟಿದರೆ ಅಯ್ಯೋ ಅನ್ನಬೇಕು ಅಂತ ಹೊಟ್ಟೆ ಮುಟ್ಟಿ ತೋರಿಸಿದ್ದೂ ನಾನೇ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆ ಮಳೆಗಾಲ ಮಗನಿಗೆ ಜೋರು ಮಳೆಗೆ ಡಿಸಿ ಕೊಡುವ ರಜೆಯದ್ದೇ ಜಪ. ರಾತ್ರಿ ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ನನ್ನ ಮೊಬೈಲ್ ನೋಡುವುದು. ನಮ್ಮ ಜಿಲ್ಲೆಯಲ್ಲಿ ರಜೆಗೆ ಕಾಯದ ಮಗು ಯಾವುದಿದೆ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬೆರಳ ಗಂಟು ಊದಿತ್ತು, ಕೇಳಿದರೆ ಬಾಲ್ ಬಡಿದದ್ದು ಅಂದ. ಮಳೆ ಕಡಿಮೆಯಾಗಿ ರಜೆ ನಿಂತ ಮೇಲೆ ಹೊಟ್ಟೆನೋವು ಶುರುವಾಯಿತು. ಬಲಗಡೆ, ಕೆಳಗೆ. ಒತ್ತಿದರೆ ಜೋರು ಅಳು. ಆಸ್ಪತ್ರೆಗೆ ಕರೆದುಕೊಂಡು ಓಡಿದೆ, ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು, ಏನೂ ಇಲ್ಲ ಅಂದರು. ವಾಪಸ್ ರಿಕ್ಷಾದಲ್ಲಿ ಬರುವಾಗ ನನಗೆ ತಲೆಗೆ ಹೋಯಿತು.

“ಆ ಪುಸ್ತಕದ ಹುಡುಗ ಮಾಡಿದ ಹಾಗೆ ಮಾಡಿದ್ದಲ್ವಾ ನೀನು?”

ಮೊದಲು ನಕ್ಕ. ಆಮೇಲೆ ಅತ್ತ. ಆಮೇಲೆ ಹೇಳಿದ. ಲೆಕ್ಕ ತಪ್ಪಿದರೆ ಮರದ ಸ್ಕೇಲನ್ನು ಅಡ್ಡ ಹಿಡಿದು ಬೆರಳ ಗಂಟಿಗೆ ಹೊಡೆಯುತ್ತಾರಂತೆ. ಅವನೊಬ್ಬನಿಗೇ ಅಲ್ಲ, ಆದರೆ ಅವನಿಗೆ ಲೆಕ್ಕ ಬರುವುದು ಕಡಿಮೆ. ಶಾಲೆ ತೆರೆದಾಗಿಂದ ಹೀಗೆ. ನನ್ನ ಹತ್ತಿರ ಮೊದಲೇ ಯಾಕೆ ಹೇಳಲಿಲ್ಲ ಅಂದೆ.

“ನಿಂಗೆ ಅಂಥದ್ದೆಲ್ಲ ಹೇಳಿದ್ರೆ ಆಗುದಿಲ್ಲ ಅಲ್ವಾ. ಪುಸ್ತಕದಲ್ಲೂ ನೀನು ಅದನ್ನೆಲ್ಲ ಬಿಟ್ಟಿದ್ದಿ. ನಾನು ಆಮೇಲೆ ಓದಿದೆ.”

ಡಿಕ್ಷನರಿ ಹಿಡಿದುಕೊಂಡು ಓದಿದ್ದಾನೆ, ಪುಣ್ಯಾತ್ಮ. ಆ ಅಮ್ಮ ಹೆಡ್ಮಾಷ್ಟ್ರ ಮನೆಗೆ ಹೋದದ್ದನ್ನೂ ಓದಿದ್ದಾನೆ. ಅದನ್ನು ಓದಿ ಅವನಿಗೆ ಅನಿಸಿದ್ದು, ಇವಳು ಅಂಥ ಅಮ್ಮ ಅಲ್ಲ, ಅದಕ್ಕೇ ಬಿಟ್ಟಿದ್ದಾಳೆ ಅಂತ. ಹಾಗಂತ ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡದ್ದು.

ಶಾಲೆಗೆ ಹೋದೆ. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಅಂದರು, ಬೇರೆ ಪೋಷಕರು ಯಾರೂ ಹೇಳಿಲ್ಲ ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವುದು, ಮಾನಸಿಕವಾಗಿ ಹಿಂಸೆ ಕೊಡುವುದು ಎರಡೂ ನಿಷೇಧ ಅಂತ ಬರೆದು ಸಹಿ ಹಾಕಿ ಕೊಟ್ಟೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದ ಕೊಟ್ಟರೆ ಇನ್‌ವರ್ಡ್ ನಂಬರ್ ಹಾಕಲೇಬೇಕು. ಸ್ಕೇಲು ನಿಂತಿತು. ಬೇರೆ ಮಕ್ಕಳ ಅಮ್ಮಂದಿರು ಆಮೇಲೆ ಒಬ್ಬೊಬ್ಬರಾಗಿ ಫೋನ್ ಮಾಡಿ, ನಮ್ಮ ಮಗುವಿಗೂ ಹೊಡೆಯುತ್ತಿದ್ದರು ಅಂದರು. ಅದು ಬೇರೆ ಕಥೆ.

ಈಗ ನಿಮ್ಮ ಪ್ರಶ್ನೆ. ಪುಸ್ತಕ ಅವನನ್ನು ಹಾಸ್ಟೆಲ್‌ಗೆ ಹೆದರಿಸುತ್ತದೆ ಅಂತೀರಿ. ಹಾಸ್ಟೆಲ್‌ಗೆ ಹೋಗುವ ಮಗು ಎನ್ನುವ ಕಾರಣಕ್ಕೇ ಇದನ್ನು ಪೂರ್ತಿ ಓದಿ ಹೇಳಬೇಕು ಅಂತ ನಾನು ಹೇಳುವುದು. ಡಾಲ್ ಬೋರ್ಡಿಂಗ್‌ನಲ್ಲಿ ತನ್ನ ಮನೆ ಯಾವ ದಿಕ್ಕಿಗಿದೆ ಅಂತ ಲೆಕ್ಕ ಹಾಕಿ ಆ ಕಡೆಗೇ ಮುಖ ಮಾಡಿ ಮಲಗುತ್ತಿದ್ದ. ಇದನ್ನು ಓದಿದ ಮಗುವಿಗೆ ಮನೆ ನೆನಪಾಗುವುದು ನಾಚಿಕೆಯ ವಿಷಯ ಅಲ್ಲ ಅಂತ ಗೊತ್ತಾಗುತ್ತದೆ, ನೀವು ಉಪದೇಶ ಮಾಡಬೇಕಾಗಿಲ್ಲ. ಕಾಯುವುದು ಯಾಕೆ? ಹನ್ನೆರಡು ದಾಟಿದ ಮೇಲೆ ನಮ್ಮ ಬಾಯಿಂದ ಕಥೆ ಕೇಳುವ ಮಕ್ಕಳು ಎಲ್ಲಿದ್ದಾರೆ? ನಮ್ಮ ಕಡೆಯವರದ್ದು ಕೊಡಿ, ಬೇಡ ಅನ್ನುವುದಿಲ್ಲ, ಕೋಟದ ಕಾರಂತರ ‘ಬಾಲ ಪ್ರಪಂಚ’ ನಮ್ಮ ಮನೆಯಲ್ಲೂ ಇದೆ. ಆದರೆ ಅದು ಲೋಕಜ್ಞಾನದ ಪುಸ್ತಕ, ಇದರ ಬದಲಿಗೆ ಬರುವುದಲ್ಲ.

ಓದುವಾಗ ಒಂದು ಕಡೆ ಮಾತ್ರ ನಿಲ್ಲಿಸಿ ಮಾತಾಡಿ. ಕೊನೆಯ ಭಾಗದಲ್ಲಿ ರೆಪ್ಟನ್ ಶಾಲೆ ಬರುತ್ತದೆ. (ಕ್ಯಾಡ್‌ಬರಿಯವರು ಹೊಸ ಚಾಕೊಲೇಟ್ ರುಚಿ ನೋಡಲು ಹುಡುಗರಿಗೆ ಪೆಟ್ಟಿಗೆ ಕಳಿಸುತ್ತಿದ್ದದ್ದು ಅಲ್ಲೇ, ಡಾಲ್ ಬರೆದ 1964ರ ‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ ಕಥೆಯ ಬೀಜ ಅದು. ಮಗ ಆ ಶಾಲೆಗೆ ನನ್ನನ್ನು ಸೇರಿಸು ಅಂದ.) ಅಲ್ಲಿ ಗೆಳೆಯನಿಗೆ ಕ್ರೂರವಾಗಿ ಹೊಡೆದ ಹೆಡ್ಮಾಷ್ಟ್ರು ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಅತಿ ದೊಡ್ಡ ಪಾದ್ರಿ ಆದರು ಅಂತ ಡಾಲ್ ಬರೆದಿದ್ದಾರೆ. ಆದರೆ ಹೊಡೆದದ್ದು ಅವರಲ್ಲ. ಆ ಏಟು ಬಿದ್ದದ್ದು 1933ರಲ್ಲಿ, ಆ ಹೆಡ್ಮಾಷ್ಟ್ರು 1932ರಲ್ಲೇ ಶಾಲೆ ಬಿಟ್ಟಿದ್ದರು ಅಂತ ಡಾಲ್ ಜೀವನಚರಿತ್ರೆ ಬರೆದ ಜೆರೆಮಿ ಟ್ರೆಗ್ಲೌನ್ ತೋರಿಸಿದ್ದಾರೆ. ಪುಸ್ತಕ ಬಂದದ್ದು 1984ರಲ್ಲಿ, ಐವತ್ತು ವರ್ಷ ಕಳೆದ ಮೇಲೆ. ಏಟು ನೆನಪಿದೆ, ಹೊಡೆದವರು ಯಾರು ಅನ್ನುವುದು ಕಲಸಿಹೋಗಿದೆ. ಇದನ್ನು ಮಗನಿಗೆ ಹೇಳಿ. ಅಚ್ಚಾದದ್ದೆಲ್ಲ ಸರಿ ಅಂತ ನಂಬುವ ವಯಸ್ಸು ಅದು.

ಇನ್ನೊಂದು, ಇದು ನಿಮಗೆ, ಮಗನಿಗಲ್ಲ. ಬೋರ್ಡಿಂಗ್‌ನಲ್ಲಿ ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಗೆ ಕಾಗದ ಬರೆಯಬೇಕಿತ್ತು. ಹೆಡ್ಮಾಷ್ಟ್ರು ಹಿಂದಿನಿಂದ ಬಗ್ಗಿ ಓದುತ್ತಾ ತಿರುಗುತ್ತಿದ್ದರು. ಹಾಗಾಗಿ ಊಟ ಚೆನ್ನಾಗಿಲ್ಲ, ಹೊಡೆಯುತ್ತಾರೆ ಅಂತ ಯಾರೂ ಬರೆಯಲಿಲ್ಲ, ಎಲ್ಲರ ಕಾಗದದಲ್ಲೂ ಎಲ್ಲ ಚೆನ್ನಾಗಿತ್ತು. ಡಾಲ್ ಬರೆದ 600ಕ್ಕೂ ಜಾಸ್ತಿ ಕಾಗದಗಳನ್ನು ಅಮ್ಮ ಹಸಿರು ಟೇಪ್ ಕಟ್ಟಿ ಜೋಪಾನವಾಗಿ ಇಟ್ಟಿದ್ದಳು. ಆ ಹೊತ್ತಿನ ಕಾಗದಗಳಲ್ಲಿ ಅವಳಿಗೆ ಬೇಕಾದ ವಿಷಯವೇ ಇರಲಿಲ್ಲ. ಈಗ ಕಾಗದ ಇಲ್ಲ, ವಾರಕ್ಕೊಮ್ಮೆ ಫೋನ್. ಸೇರಿಸುವ ಮೊದಲು ವಾರ್ಡನ್ ಹತ್ತಿರ ಫೀಸು, ಊಟ ವಿಚಾರಿಸಿದ ಮೇಲೆ ಇದನ್ನೂ ಕೇಳಿ, ಮಕ್ಕಳು ಫೋನಲ್ಲಿ ಮಾತಾಡುವಾಗ ಪಕ್ಕದಲ್ಲಿ ಯಾರು ನಿಂತಿರುತ್ತಾರೆ? ಯಾರಾದರೂ ನಿಂತಿರುತ್ತಾರೆ ಅಂತಾದರೆ, ಮಗನೂ ನೀವೂ ಮೊದಲೇ ಒಂದು ಮಾತು ಗೊತ್ತು ಮಾಡಿಕೊಳ್ಳಿ. ನಾವು ಅಜ್ಜಿ ಮನೆಗೆ ಅವನನ್ನು ಬಿಡುವಾಗಲೂ ಮಾಡಿಕೊಂಡಿದ್ದೇವೆ. “ಹೊಟ್ಟೆ ಬಲಗಡೆ ನೋಯುತ್ತಿದೆ” ಅಂದರೆ ನಾನು ಅಲ್ಲಿಗೆ ಬರಬೇಕು, ಕಾರಣ ಆಮೇಲೆ.